ಸ್ಟೇರಿಂಗ್ ಯಾಕೆ ನಡುಗುತ್ತೆ? ಹಳೇ ಕಾರು ಇಟ್ಟುಕೊಂಡವರಿಗೊಂದು ಪಾಠ

ಈ ಊರಿಗೆ ಓದೋಕೆ ಬಂದವರೆಲ್ಲ ಮೊದಲ ಚಳಿಗಾಲದಲ್ಲಿ ಒಂದು ಮಾತು ಹೇಳೇ ಹೇಳುತ್ತಾರೆ: "ಒಂದು ಕಾರು ಇದ್ದಿದ್ರೆ!" ಹಿಮದಲ್ಲಿ ಬಸ್ ಸ್ಟಾಪಿನ ಹತ್ತಿರ ಸೋನಾ ಮಸೂರಿ ಚೀಲ ಹಿಡಿದು ನಿಂತವರಿಗೆ ಆ ಮಾತಿನ ತೂಕ ಗೊತ್ತು. ನಾವು ನಾಲ್ಕು ಜನ ಸೇರಿ 2024ರ ಆಗಸ್ಟಿನಲ್ಲಿ ತಲಾ 800 ಡಾಲರ್ ಹಾಕಿ, 3,200 ಡಾಲರಿಗೆ ಒಂದು ಬಿಳಿ ಸೆಡಾನ್ ತಗೊಂಡೆವು. 2009ರ ಮಾಡೆಲ್. ಓಡಿದ್ದು 1,68,000 ಮೈಲಿ, ಅಂದರೆ ಸುಮಾರು 2,70,000 ಕಿಲೋಮೀಟರ್. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬರು ಕಂಪ್ಯೂಟರ್ ಸೈನ್ಸ್. ಇಷ್ಟು ಜನ ಇಂಜಿನಿಯರ್‌ಗಳಿದ್ದೂ ಒಂದು ಟೈರನ್ನು ಸರಿಯಾಗಿ ನೋಡಲಿಲ್ಲ ಅನ್ನೋದೇ ಈ ಲೇಖನದ ಕಥೆ.

ಕಥೆಯ ಜೊತೆಗೆ ಪಾಠವೂ ಇದೆ. ಸ್ಟೇರಿಂಗ್ ನಡುಗಿದರೆ ಕಾರಣವನ್ನು ಊಹೆಯಿಂದ ಹಿಡಿಯದೆ ಹಂತ ಹಂತವಾಗಿ ಹೇಗೆ ಹುಡುಕಬೇಕು ಅನ್ನೋದನ್ನ ಹೊಸದಾಗಿ ಬಂದವರಿಗೆ ಅರ್ಥವಾಗುವ ಹಾಗೆ ಬರೆದಿದ್ದೇವೆ. ಮೆಕ್ಯಾನಿಕಲ್ ಓದದೇ ಇರೋರು ಲೆಕ್ಕದ ಭಾಗ ಬಿಟ್ಟು ಮುಂದೆ ಓದಿದರೂ ನಷ್ಟವಿಲ್ಲ.

ನಡುಕ ಶುರುವಾಗಿದ್ದು

ಅಕ್ಟೋಬರ್ ಕೊನೆಯಲ್ಲಿ ಐ-57 ಹೈವೇಯಲ್ಲಿ ಮೊದಲು ಗೊತ್ತಾಯ್ತು. ಊರೊಳಗೆ 30 ಮೈಲಿ ವೇಗದಲ್ಲಿ ಕಾರು ಬೆಣ್ಣೆ ಥರ ಹೋಗ್ತಿತ್ತು. 58 ದಾಟಿದ ತಕ್ಷಣ ಸ್ಟೇರಿಂಗ್ ಸಣ್ಣಗೆ ಅದುರೋಕೆ ಶುರು. 65ಕ್ಕೆ ಬಂದರೆ ಕೈಗಡಿಯಾರದ ಮುಳ್ಳು ಸರಿಯಾಗಿ ಕಾಣದಷ್ಟು ನಡುಕ. ಇಲಿನಾಯ್‌ನಲ್ಲಿ ಈ ಹೈವೇಯ ಮಿತಿ 70 ಮೈಲಿ. ಎರಡೂ ಕಡೆ ಕೊಯ್ದ ಮುಸುಕಿನ ಜೋಳದ ಹೊಲ, ಹಿಂದೆ ಹದಿನೆಂಟು ಚಕ್ರದ ಟ್ರಕ್ಕುಗಳು. 55ರಲ್ಲಿ ಹೋದರೂ ಭಯ, 65ರಲ್ಲಿ ಹೋದರೂ ಭಯ.

ನಾವು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡೋದೇ: "ಬ್ಯಾಲೆನ್ಸಿಂಗ್ ಹೋಗಿರ್ಬೇಕು" ಅಂತ ತೀರ್ಮಾನ ಮಾಡಿ, ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿದೆವು. ಸ್ವಲ್ಪ ಕಡಿಮೆಯಾಯ್ತು. ಹತ್ತು ದಿನಕ್ಕೆ ನಡುಕ ವಾಪಸ್ ಬಂತು, ಮೊದಲಿಗಿಂತ ಜಾಸ್ತಿಯಾಗಿ. ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿ ಕಾರನ್ನು ಐದು ನಿಮಿಷ ನೋಡಿ ಎರಡು ಆಕ್ಸಲ್, ಎರಡು ಬಾಲ್ ಜಾಯಿಂಟ್, ಅಲೈನ್‌ಮೆಂಟ್ ಅಂತ 1,150 ಡಾಲರಿನ ಪಟ್ಟಿ ಕೊಟ್ಟರು. ಕಾರಿನ ಬೆಲೆಯ ಮೂರನೇ ಒಂದು ಭಾಗ ಅದು! ನಮ್ಮಲ್ಲಿ ಇಬ್ಬರಿಗೆ ಆ ಸೆಮಿಸ್ಟರ್ ಅಸಿಸ್ಟೆಂಟ್‌ಶಿಪ್ ಇರಲಿಲ್ಲ.

ಬಿಟ್ಟುಬಿಡೋಣ, ಊರೊಳಗೆ ಮಾತ್ರ ಓಡಿಸೋಣ ಅಂದುಕೊಳ್ಳೋ ಹಾಗೂ ಇರಲಿಲ್ಲ. ನಮ್ಮಲ್ಲಿ ಧಾರವಾಡದವಳ ಅಪ್ಪ ಅಮ್ಮ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಬರುವವರಿದ್ದರು. ಇಳಿಯೋದು ಷಿಕಾಗೋದ ಓ'ಹೇರ್‌ನಲ್ಲಿ, ಇಲ್ಲಿಂದ ಸುಮಾರು 140 ಮೈಲಿ. "ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂತ ಅವಳು ಮಾತು ಕೊಟ್ಟಾಗಿತ್ತು.

ಹಾಸನಕ್ಕೊಂದು ಫೋನ್

ನಮ್ಮ ಹಾಸನದವನ ಚಿಕ್ಕಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಈಗ ನಾವೆಲ್ಲ ಅವರನ್ನು ಚಿಕ್ಕಪ್ಪ ಅಂತಲೇ ಕರೆಯೋದು. ಭಾನುವಾರ ಬೆಳಿಗ್ಗೆ ಸ್ಪೀಕರಿಗೆ ಹಾಕಿ ಎಲ್ಲ ವಿವರಿಸಿದೆವು. ಅವರು ಕಾರಿನ ಕಂಪನಿ ಯಾವುದು ಅಂತ ಕೇಳಲೇ ಇಲ್ಲ. ಕೇಳಿದ್ದು ಮೂರೇ ಪ್ರಶ್ನೆ:

"ಲೋ ಮಗ, ನಡುಕ ಕೈಗೆ ಬತ್ತದಾ, ಸೀಟಿಗೆ ಬತ್ತದಾ? ಯಾವ ಸ್ಪೀಡಿಗೆ ಶುರುವಾಯ್ತದೆ, ಯಾವ ಸ್ಪೀಡಿಗೆ ನಿಲ್ತದೆ? ಆವಾಗ ನಿನ್ನ ಕಾಲು ಎಲ್ಲಿರ್ತದೆ, ಆಕ್ಸಿಲರೇಟರ್ ಮೇಲಾ, ಬ್ರೇಕ್ ಮೇಲಾ?"

ನಮಗೆ ಮೊದಲ ಎರಡಕ್ಕೆ ಉತ್ತರ ಗೊತ್ತಿತ್ತು, ಅದೂ ಅರ್ಧಂಬರ್ಧ. ಮೂರನೆಯದನ್ನು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ದೆ ಇದ್ರೆ ಪಾರ್ಟು ಬದಲಾಯಿಸ್ಬೇಡ್ರಪ್ಪ. ಮೊದ್ಲು ನೋಡ್ಕಂಡು ಬನ್ನಿ" ಅಂತ ಫೋನ್ ಇಟ್ಟರು. ಈ ಮೂರು ಪ್ರಶ್ನೆಗಳೇ ಇಡೀ ಪಾಠದ ಬೇರು. ಒಂದೊಂದಾಗಿ ನೋಡೋಣ.

ಕೈಗೋ, ಸೀಟಿಗೋ?

ಸ್ಟೇರಿಂಗ್ ಟೈ ರಾಡ್‌ಗಳ ಮೂಲಕ ಮುಂದಿನ ಚಕ್ರಗಳಿಗೆ ನೇರವಾಗಿ ಜೋಡಿಸಿರುತ್ತೆ. ಹಾಗಾಗಿ ಮುಂದಿನ ಚಕ್ರದ ತೊಂದರೆ ಮೊದಲು ಕೈಗೆ ಬರುತ್ತೆ. ಹಿಂದಿನ ಚಕ್ರದ ತೊಂದರೆ ಬಾಡಿಯ ಮೂಲಕ ಸೀಟಿಗೆ, ನೆಲಕ್ಕೆ ಬರುತ್ತೆ. ಇದು ನೂರಕ್ಕೆ ನೂರು ನಿಜವಾಗೋ ನಿಯಮ ಅಲ್ಲ, ಜೋರಾದ ನಡುಕ ಎಲ್ಲ ಕಡೆಗೂ ಹಬ್ಬುತ್ತೆ. ಆದರೆ ಹುಡುಕೋಕೆ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಒಳ್ಳೇ ಸುಳಿವು.

ಯಾವ ವೇಗಕ್ಕೆ?

ಇಲ್ಲಿ ಸ್ವಲ್ಪ ಲೆಕ್ಕ. ನಮ್ಮ ಟೈರಿನ ಅಳತೆ 205/55 ಆರ್ 16. ಅಂದರೆ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 55, ರಿಮ್ಮಿನ ವ್ಯಾಸ 16 ಇಂಚು. ಒಟ್ಟು ವ್ಯಾಸ ಸುಮಾರು 632 ಮಿಲಿಮೀಟರ್ ಆಗುತ್ತೆ. ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. ಗಂಟೆಗೆ 60 ಮೈಲಿ ಅಂದರೆ ಸೆಕೆಂಡಿಗೆ 26.8 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ ಸುಮಾರು 13.5 ಸುತ್ತು ತಿರುಗುತ್ತೆ. 65 ಮೈಲಿಗೆ 14.6 ಸುತ್ತು.

ಚಕ್ರದಲ್ಲಿ ಒಂದು ಕಡೆ ಭಾರ ಜಾಸ್ತಿ ಇದ್ದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು. ಎಷ್ಟು ಜೋರಾದ ಪೆಟ್ಟು? ರಿಮ್ಮಿನ ಅಂಚಿನಲ್ಲಿ, ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ ಬರೀ 30 ಗ್ರಾಂ ವ್ಯತ್ಯಾಸ ಇದೆ ಅಂದುಕೊಳ್ಳಿ. ವಸ್ತುವಿನ ತೂಕ, ದೂರ, ಕೋನೀಯ ವೇಗದ ವರ್ಗ, ಈ ಮೂರನ್ನೂ ಗುಣಿಸಿದರೆ 60 ಮೈಲಿಯಲ್ಲಿ ಸುಮಾರು 43 ನ್ಯೂಟನ್ ಬರುತ್ತೆ. ಹತ್ತಿರ ಹತ್ತಿರ ನಾಲ್ಕೂವರೆ ಕೆಜಿ ಭಾರದ ಎಳೆತ, ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸಲ. ವೇಗ ಅರ್ಧ ಆದರೆ ಪೆಟ್ಟು ಕಾಲು ಭಾಗ ಆಗುತ್ತೆ. 30 ಮೈಲಿಯಲ್ಲಿ ಒಂದು ಕೆಜಿ ಚಿಲ್ಲರೆ, ಅಷ್ಟೇ. ಊರೊಳಗೆ ಗೊತ್ತಾಗದ ನಡುಕ ಹೈವೇಯಲ್ಲಿ ಗೊತ್ತಾಗೋದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ಚಕ್ರ, ಬ್ರೇಕು, ಹಬ್ಬು ಎಲ್ಲ ಸೇರಿ ಟೈರು ಮತ್ತು ಸಸ್ಪೆನ್ಶನ್ ಸ್ಪ್ರಿಂಗಿನ ನಡುವೆ ಕುಣಿಯುವ ಒಂದು ಸಹಜ ಆವರ್ತನ ಇರುತ್ತೆ. ಸಾಮಾನ್ಯ ಕಾರುಗಳಲ್ಲಿ ಅದು 10ರಿಂದ 15 ಹರ್ಟ್ಜ್ ಆಸುಪಾಸು. ಚಕ್ರದ ಸುತ್ತು ಆ ಸಂಖ್ಯೆಗೆ ಹತ್ತಿರ ಬಂದಾಗ ಅನುರಣನೆ ಆಗಿ ನಡುಕ ಹೆಚ್ಚುತ್ತೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಕೆಲವು ಕಾರುಗಳಲ್ಲಿ 60ಕ್ಕೆ ಬಂದ ನಡುಕ 75ಕ್ಕೆ ಕಡಿಮೆಯಾಗೋದೂ ಇದರಿಂದಲೇ. "ಜೋರಾಗಿ ಓಡಿಸಿದ್ರೆ ಸರಿ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ನಡುಕ ಮಾತ್ರ ಅಡಗಿರುತ್ತೆ, ಕಾಯಿಲೆ ಹೋಗಿರಲ್ಲ.

ಕಾಲು ಎಲ್ಲಿದೆ?

ಇದು ಮೂರರಲ್ಲಿ ಅತಿ ಮುಖ್ಯವಾದ ಪ್ರಶ್ನೆ.

ಕಾಲು ಯಾವ ಪೆಡಲ್ ಮೇಲಿದ್ದರೂ, ಇಲ್ಲದಿದ್ದರೂ ಒಂದೇ ವೇಗದಲ್ಲಿ ನಡುಕ ಒಂದೇ ಥರ ಇದ್ದರೆ ಅನುಮಾನ ಚಕ್ರದ ಮೇಲೆ: ಬ್ಯಾಲೆನ್ಸ್, ಟೈರಿನ ಆಕಾರ, ಬಾಗಿದ ರಿಮ್ಮು.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಅನುಮಾನ ಮುಂದಿನ ಬ್ರೇಕ್ ಡಿಸ್ಕಿನ ಮೇಲೆ. ಮೆಕ್ಯಾನಿಕ್‌ಗಳು "ಡಿಸ್ಕ್ ಬೆಂಡಾಗಿದೆ" ಅನ್ನುತ್ತಾರೆ. ಹೆಚ್ಚಿನ ಸಲ ಅದು ಬಾಗಿರೋದಿಲ್ಲ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರೋದಿಲ್ಲ, ಅಥವಾ ಪ್ಯಾಡಿನ ವಸ್ತು ಅಲ್ಲಲ್ಲಿ ಮೆತ್ತಿಕೊಂಡಿರುತ್ತೆ. ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕು ಕೂತು ಡಿಸ್ಕ್ ಓರೆಯಾಗಿ ತಿರುಗಿದರೂ ದಿನ ಕಳೆದಂತೆ ಇದೇ ಪರಿಣಾಮ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ ವ್ಯತ್ಯಾಸ ಸಾಕು, ಕೈಗೆ ಗೊತ್ತಾಗುತ್ತೆ. ಇಲ್ಲಿ ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ ಈ ತುಕ್ಕಿನ ಕಾಟ ಜಾಸ್ತಿ. ಒಂದು ಎಚ್ಚರಿಕೆ: ಮಂಜುಗಡ್ಡೆಯ ಮೇಲೆ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಹೊಡೆದರೆ ಅದು ಎಬಿಎಸ್ ಕೆಲಸ ಮಾಡ್ತಿರೋದು, ದೋಷ ಅಲ್ಲ. ಹೆದರಿ ಕಾಲು ತೆಗೀಬೇಡಿ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿ, ಕಾಲು ತೆಗೆದ ತಕ್ಷಣ ನಿಂತರೆ ಅನುಮಾನ ಆಕ್ಸಲ್ಲಿನ ಒಳಗಿನ ಜಾಯಿಂಟಿನ ಮೇಲೆ. ಹೊರಗಿನ ಜಾಯಿಂಟ್ ಸವೆದರೆ ಬೇರೆ ಲಕ್ಷಣ: ಪಾರ್ಕಿಂಗಿನಲ್ಲಿ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಸದ್ದು.

ಕಾರು ನಿಂತಿದ್ದು, ಇಂಜಿನ್ ಓಡ್ತಾ ಇರುವಾಗಲೇ ಸ್ಟೇರಿಂಗ್ ನಡುಗಿದರೆ ಚಕ್ರಕ್ಕೆ ಸಂಬಂಧವೇ ಇಲ್ಲ. ಇಂಜಿನ್ ಮೌಂಟ್ ಅಥವಾ ಸರಿಯಾಗಿ ಉರಿಯದ ಸಿಲಿಂಡರ್ ನೋಡಬೇಕು.

ನೇರ ಹೋಗುವಾಗ ಗುಂಯ್ ಅನ್ನೋ ಸದ್ದಿದ್ದು, ಒಂದು ಕಡೆ ತಿರುಗಿಸಿದಾಗ ಹೆಚ್ಚಿ ಇನ್ನೊಂದು ಕಡೆಗೆ ಕಡಿಮೆಯಾದರೆ ವೀಲ್ ಬೇರಿಂಗ್ ನೋಡಿಸಿ.

ಇನ್ನು ಅಲೈನ್‌ಮೆಂಟ್. ಅದು ಕೆಟ್ಟರೆ ಕಾರು ಒಂದು ಕಡೆ ಎಳೆಯುತ್ತೆ, ಟೈರು ಒಂದು ಬದಿ ಸವೆಯುತ್ತೆ. ಅದೊಂದರಿಂದಲೇ ಸ್ಟೇರಿಂಗ್ ನಡುಗೋದು ಅಪರೂಪ. ನಡುಕಕ್ಕೆ ಮೊದಲ ಮದ್ದು ಅಂತ ಅದಕ್ಕೆ ದುಡ್ಡು ಹಾಕಬೇಡಿ.

ನಮ್ಮ ಪರೀಕ್ಷೆ

ಸಂಚಾರ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಹೊರಟೆವು. ಒಬ್ಬ ಓಡಿಸೋದು, ಒಬ್ಬ ಬರೆದುಕೊಳ್ಳೋದು, ಒಬ್ಬಳು ಫೋನ್ ಹಿಡಿಯೋದು. ಫೋನಿನಲ್ಲಿ ಫಿಫಾಕ್ಸ್ ಅನ್ನೋ ಉಚಿತ ಆ್ಯಪ್ ಇತ್ತು. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಭೌತಶಾಸ್ತ್ರದ ಪ್ರಯೋಗಗಳಿಗಾಗಿ ಮಾಡಿದ್ದು, ಫೋನಿನ ಸೆನ್ಸರ್‌ಗಳನ್ನೇ ಉಪಕರಣ ಮಾಡಿಕೊಡುತ್ತೆ. ಓಡಿಸುವವರು ಫೋನ್ ಮುಟ್ಟಬಾರದು, ಅದು ಪಕ್ಕದವರ ಕೆಲಸ.

65 ಮೈಲಿಯಲ್ಲಿ ಫೋನ್ ತೋರಿಸಿದ್ದು 15 ಹರ್ಟ್ಜ್ ಹತ್ತಿರ ಒಂದು ಶಿಖರ. ಲೆಕ್ಕ ಹೇಳಿದ್ದು 14.6. ಭಾರಕ್ಕೆ ಟೈರು ಸ್ವಲ್ಪ ಅದುಮಿಕೊಳ್ಳೋದರಿಂದ ನಿಜವಾದ ಸುತ್ತು ಲೆಕ್ಕಕ್ಕಿಂತ ತುಸು ಹೆಚ್ಚೇ ಇರುತ್ತೆ. ಇಂಜಿನ್ ಆಗ 2,400 ಸುತ್ತಿನಲ್ಲಿತ್ತು, ಅಂದರೆ ಸೆಕೆಂಡಿಗೆ 40. ಅಲ್ಲಿಗೆ ಇಂಜಿನ್ ನಿರಪರಾಧಿ. ಖಾಲಿ, ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಬಿಟ್ಟು ಕೆಲವು ಸೆಕೆಂಡು ನ್ಯೂಟ್ರಲ್ಲಿಗೆ ಹಾಕಿದೆವು. ನಡುಕ ಹಾಗೇ ಇತ್ತು. ನೀವೂ ಮಾಡೋದಾದರೆ ಕೀ ಮಾತ್ರ ಆಫ್ ಮಾಡಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು.

ಆಮೇಲೆ 60ರಿಂದ ಮೆಲ್ಲಗೆ ಬ್ರೇಕ್ ಒತ್ತಿದೆವು. ಆಗ ಗೊತ್ತಾಗಿದ್ದು: ನಡುಕದ ಥರವೇ ಬದಲಾಯ್ತು. ಸಣ್ಣಗೆ ಅದುರುತ್ತಿದ್ದ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ತೂಗೋಕೆ ಶುರುವಾಯ್ತು, 35ಕ್ಕೆ ಇಳಿದರೂ ಸ್ವಲ್ಪ ಉಳಿದಿತ್ತು. ಬ್ರೇಕ್ ಬಿಟ್ಟು ಅದೇ 35ರಲ್ಲಿ ಹೋದರೆ ಏನೂ ಇಲ್ಲ. ಅಂದರೆ ನಮ್ಮ ಕಾರಿಗೆ ಕಾಯಿಲೆ ಒಂದಲ್ಲ, ಎರಡು! ಹಳೇ ಕಾರಿನಲ್ಲಿ ಇದು ಸಾಮಾನ್ಯ. ಒಂದನ್ನು ಸರಿ ಮಾಡಿಯೂ ನಡುಕ ಉಳಿದಾಗ "ನಮ್ಮ ಊಹೆಯೇ ತಪ್ಪು" ಅಂದುಕೊಂಡು ಬೇರೆ ದಾರಿ ಹಿಡಿಯೋ ಅಪಾಯ ಇರುತ್ತೆ.

ಇಲ್ಲಿ ಫೋನಿನ ಮಿತಿಯನ್ನೂ ಹೇಳಬೇಕು. ಟೈರು, ರಿಮ್ಮು, ಡಿಸ್ಕು, ಹಬ್ಬು, ಆಕ್ಸಲ್ ಎಲ್ಲವೂ ಒಂದೇ ವೇಗದಲ್ಲಿ ತಿರುಗುತ್ತವೆ. 15 ಹರ್ಟ್ಜ್ ಅಂತ ಗೊತ್ತಾದರೆ ಇಂಜಿನ್ನನ್ನು ಪಟ್ಟಿಯಿಂದ ಬಿಡಬಹುದು. ಉಳಿದವರಲ್ಲಿ ಕಳ್ಳ ಯಾರು ಅಂತ ಫೋನ್ ಹೇಳಲ್ಲ.

ಮುಂದಿನದನ್ನು ಹಿಂದಕ್ಕೆ ಹಾಕಿ

ಕಳ್ಳನನ್ನು ಹಿಡಿಯೋಕೆ ದುಡ್ಡು ಖರ್ಚಿಲ್ಲದ ಉಪಾಯ ಚಕ್ರ ಅದಲು ಬದಲು ಮಾಡೋದು. ಮುಂದಿನ ಎರಡನ್ನೂ ಆಯಾ ಬದಿಯ ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ. ನಡುಕ ಕೈಯಿಂದ ಸೀಟಿಗೆ ಹೋದರೆ ತಪ್ಪು ಚಕ್ರದ್ದು. ಕೈಯಲ್ಲೇ ಉಳಿದರೆ ತಪ್ಪು ಮುಂದೆಯೇ ಉಳಿದ ಭಾಗಗಳದ್ದು.

ಬದಲಾಯಿಸಿ ಓಡಿಸಿದೆವು. ವೇಗದ ನಡುಕ ಸೀಟಿಗೆ ಹೋಯ್ತು. ಬ್ರೇಕಿನ ನಡುಕ ಕೈಯಲ್ಲೇ ಉಳಿಯಿತು. ಎರಡೂ ಕಾಯಿಲೆ ಚೆಂದವಾಗಿ ಬೇರೆ ಬೇರೆಯಾಗಿದ್ದವು. ಖುಷಿಯಲ್ಲಿ ಹಾಸನಕ್ಕೆ ಫೋನ್ ಮಾಡಿ, ಫೋನಿನ ಗ್ರಾಫು, ಲೆಕ್ಕ, ಎಲ್ಲ ವಿವರಿಸಿದೆವು. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡು, "ಸರಿ, ಟೈರ್ ಮೇಲೆ ಕೈ ಆಡ್ಸಿ ನೋಡಿದ್ರಾ?" ಅಂದರು.

ಯಾರೂ ಮಾತಾಡಲಿಲ್ಲ.

"ನೋಡಿಲ್ವಾ? ನೋಡ್ದೇನೇ ಅರವತ್ತೈದ್ರಲ್ಲಿ ಓಡ್ಸುದ್ರಾ? ಮಗಾ, ಮೊದ್ಲು ಕಣ್ಣು, ಆಮೇಲೆ ಕೈ, ಆಮೇಲೆ ಗಾಡಿ ಓಡ್ಸೋದು. ನೀವು ತಲೆಕೆಳಗ್ ಮಾಡಿದೀರ."

ಆ ಸಂಜೆ ಚಳಿಯಲ್ಲಿ ಟಾರ್ಚ್ ಹಿಡಿದು ಹಿಂದಿನ ಎಡ ಚಕ್ರವನ್ನು ಜಾಕಿಯಿಂದ ಎತ್ತಿದೆವು. ಮೊನ್ನೆಯವರೆಗೂ ಮುಂದಿದ್ದ ಚಕ್ರ ಅದು. ಟೈರಿನ ಪಕ್ಕ ಒಂದು ಕಡ್ಡಿಯನ್ನು ಅಲುಗಾಡದ ಹಾಗೆ ನಿಲ್ಲಿಸಿ ಚಕ್ರವನ್ನು ಮೆಲ್ಲಗೆ ಕೈಯಿಂದ ತಿರುಗಿಸಿದೆವು. ಮುಕ್ಕಾಲು ಸುತ್ತು ಕಡ್ಡಿಗೂ ಟೈರಿಗೂ ನಡುವೆ ಒಂದೇ ಅಂತರ. ಒಂದು ಕಡೆ ಬಂದಾಗ ಟೈರು ಕಡ್ಡಿಗೆ ತಾಗಿತು. ಒಳಬದಿಗೆ ಕೈ ಹಾಕಿ ಮುಟ್ಟಿದರೆ ಅಂಗೈಯಷ್ಟು ಜಾಗ ಉಬ್ಬಿತ್ತು, ಪಕ್ಕದಲ್ಲಿ ಕೂದಲೆಳೆಯ ಬಿರುಕು. ಹೊರಗಿನಿಂದ ನೋಡಿದರೆ ಒಂದೂ ಕಾಣುತ್ತಿರಲಿಲ್ಲ.

ಟೈರಿನ ಒಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಟೈರು ಹಳತಾದಂತೆ ಅವಕ್ಕೂ ರಬ್ಬರಿಗೂ ಇರೋ ಬೆಸುಗೆ ಬಿಡೋಕೆ ಶುರುವಾಗುತ್ತೆ. ಬಿಟ್ಟ ಜಾಗ ಉಬ್ಬುತ್ತೆ. ವೇಗ ಮತ್ತು ಬಿಸಿಗೆ ಅದು ಬೆಳೆದು ಒಂದು ದಿನ ಟೈರಿನ ಮೇಲ್ಪದರ ಪೂರ್ತಿ ಕಿತ್ತು ಹೋಗಬಹುದು. ಹೈವೇಯ ಪಕ್ಕ ಕಪ್ಪು ರಬ್ಬರಿನ ಸಿಪ್ಪೆ ಬಿದ್ದಿರೋದನ್ನ ನೋಡಿದ್ದೀರಲ್ಲ, ಅದೇ. ಅಂಥ ಟೈರಿನ ಮೇಲೆ ನಾವು ಪರೀಕ್ಷೆ ಅಂತ ಮೂರು ಸಲ 65ರಲ್ಲಿ ಹೋಗಿ ಬಂದಿದ್ದೆವು.

ಬ್ಯಾಲೆನ್ಸಿಂಗ್ ಯಾಕೆ ಇದನ್ನು ಹಿಡಿಯಲಿಲ್ಲ? ಸಾಮಾನ್ಯ ಮಷಿನ್ ಅಳೆಯೋದು ತೂಕ ಎಲ್ಲಿ ಜಾಸ್ತಿ ಇದೆ ಅನ್ನೋದನ್ನ, ಆಕಾರವನ್ನಲ್ಲ. ಮೊಟ್ಟೆಯ ಆಕಾರದ ಚಕ್ರಕ್ಕೂ ತೂಕ ಹಚ್ಚಿ ಬ್ಯಾಲೆನ್ಸ್ ಮಾಡಬಹುದು, ಆದರೆ ರಸ್ತೆಯ ಮೇಲೆ ಅದು ಮೊಟ್ಟೆಯೇ. ಟೈರಿಗೆ ರೋಲರ್ ಒತ್ತಿ ಬಲದ ಏರುಪೇರು ಅಳೆಯುವ ರೋಡ್ ಫೋರ್ಸ್ ಅನ್ನೋ ಮಷಿನ್ ಕೆಲವು ಅಂಗಡಿಗಳಲ್ಲಿರುತ್ತೆ. ಬ್ಯಾಲೆನ್ಸ್ ಆದಮೇಲೂ ನಡುಕ ಉಳಿದರೆ ಅದನ್ನು ಕೇಳಿ.

ಟೈರಿನ ವಯಸ್ಸು

ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಅಂತ ಶುರುವಾಗುವ ಸಾಲು ಇರುತ್ತೆ. ಪೂರ್ತಿ ಸಾಲು ಒಂದೇ ಬದಿಯಲ್ಲಿ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿ ನೋಡಿ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2313 ಅಂತಿತ್ತು. 2013ರ 23ನೇ ವಾರ, ಅಂದರೆ ಹನ್ನೊಂದು ವರ್ಷ ದಾಟಿದ ಟೈರು. ಆರು ವರ್ಷದ ಮೇಲೆ ಬದಲಾಯಿಸಿ ಅಂತ ಹಲವು ಕಾರು ಕಂಪನಿಗಳು ಹೇಳುತ್ತವೆ. ಹತ್ತು ವರ್ಷ ಆದಮೇಲೆ ಗೆರೆ ಎಷ್ಟೇ ಆಳ ಇದ್ದರೂ ಇಟ್ಟುಕೊಳ್ಳಬಾರದು.

ನಾವು ಮೋಸ ಹೋಗಿದ್ದು ಇಲ್ಲೇ. ಕಾರು ತಗೊಳ್ಳುವಾಗ ಪೆನ್ನಿ ಪರೀಕ್ಷೆ ಮಾಡಿದ್ದೆವು. ಒಂದು ಸೆಂಟಿನ ನಾಣ್ಯವನ್ನು ಲಿಂಕನ್ ತಲೆ ಕೆಳಗಾಗಿ ಗೆರೆಯೊಳಗೆ ಇಳಿಸಬೇಕು. ತಲೆಯ ತುದಿ ಪೂರ್ತಿ ಕಂಡರೆ ಗೆರೆ ಇಂಚಿನ 32ರಲ್ಲಿ 2 ಭಾಗಕ್ಕಿಂತ ಕಡಿಮೆ, ಅಂದರೆ 1.6 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಟೈರುಗಳು ಸಲೀಸಾಗಿ ಪಾಸಾಗಿದ್ದವು. ಕಡಿಮೆ ಓಡಿ, ನಿಂತಲ್ಲೇ ವಯಸ್ಸಾದ ಟೈರಿಗೆ ಗೆರೆ ಚೆನ್ನಾಗಿಯೇ ಇರುತ್ತೆ.

ಉಳಿದ ತಪಾಸಣೆ

ಚಕ್ರ ಎತ್ತಿದಾಗಲೇ ಇನ್ನೆರಡು ನೋಡಿಬಿಡಿ. ಆದರೆ ಮೊದಲು ಸುರಕ್ಷತೆ: ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಎದುರು ಚಕ್ರಕ್ಕೆ ಅಡೆಕಟ್ಟು, ಮತ್ತು ಜಾಕಿಯ ಜೊತೆಗೆ ಸ್ಟ್ಯಾಂಡ್. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಕಾಲು ತಲೆ ಯಾವುದೂ ಹೋಗಬಾರದು.

ಮುಂದಿನ ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಟೈ ರಾಡ್ ಸವೆದಿರಬಹುದು. 12 ಮತ್ತು 6ರಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎರಡೂ ಕಡೆ ಆಟ ಇದ್ದರೆ ಬೇರಿಂಗಿನ ಅನುಮಾನ ಜಾಸ್ತಿ. ಬಾಲ್ ಜಾಯಿಂಟ್ ಅಥವಾ ಟೈ ರಾಡಿನಲ್ಲಿ ಆಟ ಸಿಕ್ಕರೆ ಕಾರನ್ನು ಅಲ್ಲೇ ನಿಲ್ಲಿಸಿ. ಅದು ಪೂರ್ತಿ ಬಿಟ್ಟರೆ ಚಕ್ರ ನಿಮ್ಮ ಮಾತು ಕೇಳಲ್ಲ.

ನಮ್ಮ ಕಾರಿನಲ್ಲಿ ಎಲ್ಲೂ ಆಟ ಇರಲಿಲ್ಲ. ಆಕ್ಸಲ್ಲಿನ ರಬ್ಬರ್ ಬೂಟು ಹರಿದಿರಲಿಲ್ಲ, ಆಕ್ಸಿಲರೇಟರಿಗೆ ನಡುಕ ಬದಲಾಗುತ್ತಲೂ ಇರಲಿಲ್ಲ. ಆದರೂ ನಮ್ಮ ಕೈಯನ್ನಷ್ಟೇ ನಂಬದೆ, ಮೂರನೇ ಅಂಗಡಿಯಲ್ಲಿ 60 ಡಾಲರ್ ಕೊಟ್ಟು ತಪಾಸಣೆ ಮಾತ್ರ ಮಾಡಿಸಿದೆವು. ಅವರೂ ಬಾಲ್ ಜಾಯಿಂಟ್, ಆಕ್ಸಲ್ ಸರಿಯಿದೆ ಅಂದರು. ಪಾರ್ಟು ಮಾರುವ ಆತುರವಿಲ್ಲದ ತಪಾಸಣೆಗೆ ಕೊಡುವ ದುಡ್ಡು ದಂಡವಲ್ಲ.

ರಿಪೇರಿ

ಟೈರಿಗೆ ರಿಪೇರಿ ಇಲ್ಲ. ಉಬ್ಬಿದ ಟೈರಿಗೆ ಪ್ಯಾಚ್ ಹಾಕೋ ಮಾತೇ ಇಲ್ಲ. ಸ್ಟೆಪ್ನಿ ಹಾಕಿಕೊಂಡು ಊರೊಳಗಿನ ರಸ್ತೆಯಲ್ಲೇ ನಿಧಾನಕ್ಕೆ ಅಂಗಡಿಗೆ ಹೋದೆವು. ಅದರ ಜೋಡಿಯೂ ಅದೇ ವಯಸ್ಸಿನದು. ಎರಡು ಹೊಸ ಟೈರು, ಬ್ಯಾಲೆನ್ಸಿಂಗ್ ಸೇರಿ 210 ಡಾಲರ್. ಎರಡೇ ಹೊಸದು ಹಾಕಿಸಿದರೆ ಅವು ಹಿಂದಿನ ಚಕ್ರಕ್ಕೆ ಹೋಗಬೇಕು. ಒದ್ದೆ ರಸ್ತೆಯಲ್ಲಿ ಹಿಂದಿನ ಹಿಡಿತ ತಪ್ಪಿದರೆ ಕಾರು ಗಿರಗಿರ ತಿರುಗುತ್ತೆ, ಅದನ್ನು ಹತೋಟಿಗೆ ತರೋದು ಕಷ್ಟ.

ಬ್ರೇಕಿಗೆ ಮುಂದಿನ ಎರಡು ಡಿಸ್ಕ್ ಮತ್ತು ಪ್ಯಾಡ್ ತಂದು, ಅನುಭವ ಇರುವ ಸೀನಿಯರ್ ಒಬ್ಬರ ಜೊತೆ ನಾವೇ ಹಾಕಿದೆವು. ಸಾಮಾನಿಗೆ 95 ಡಾಲರ್. ಹಳೇ ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಎಂಟು ಕಡೆ ಅಳೆದೆವು. ಬಲಗಡೆಯದರಲ್ಲಿ 0.03 ಮಿಲಿಮೀಟರ್ ವ್ಯತ್ಯಾಸ. ಹಬ್ಬಿನ ಮೇಲೆ ಹಲ್ಲೆಯಂತೆ ತುಕ್ಕು ಕೂತಿತ್ತು. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಹಾಕಿದ್ದರೆ ಕೆಲವು ಸಾವಿರ ಮೈಲಿಗೆ ಅದೇ ನಡುಕ ವಾಪಸ್ ಬರುತ್ತಿತ್ತು. ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ನೇತಾಡಿಸಬಾರದು, ತಂತಿಯಿಂದ ಕಟ್ಟಬೇಕು. ಎಲ್ಲ ಮುಗಿದ ಮೇಲೆ, ಕಾರು ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಮರೆತರೆ ಮೊದಲ ಬ್ರೇಕಿಗೆ ಪೆಡಲ್ ನೆಲಕ್ಕೆ ಹೋಗುತ್ತೆ. ಈ ಕೆಲಸ ಗೊತ್ತಿಲ್ಲದವರು ಒಬ್ಬರೇ ಮಾಡಬೇಡಿ, ಅಂಗಡಿಗೆ ಕೊಡಿ.

ಚಕ್ರದ ನಟ್ಟುಗಳನ್ನು ಎದುರು ಬದುರಾಗಿ, ನಕ್ಷತ್ರದ ಗೆರೆ ಎಳೆದ ಹಾಗೆ, ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಿ. ಎಷ್ಟು ಅಂತ ಕಾರಿನ ಪುಸ್ತಕದಲ್ಲಿರುತ್ತೆ. ಒಂದು ಸಡಿಲ ಒಂದು ಬಿಗಿ ಆದರೆ ಡಿಸ್ಕು ಓರೆಯಾಗಿ ಕೂರುತ್ತೆ. ಐವತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಒಟ್ಟು ಖರ್ಚು 365 ಡಾಲರ್. 1,150ರ ಪಟ್ಟಿಯಲ್ಲಿ ಟೈರೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಆ ದುಡ್ಡು ಕೊಟ್ಟಿದ್ದರೂ ನಡುಕ ಉಳಿಯುತ್ತಿತ್ತು, ಆ ಟೈರೂ ಉಳಿಯುತ್ತಿತ್ತು.

ನೀವು ಮಾಡಬೇಕಾದ ಕ್ರಮ

ನಾವು ತಲೆಕೆಳಗಾಗಿ ಮಾಡಿದ್ದನ್ನು ನೇರ ಮಾಡಿ ಇಲ್ಲಿ ಕೊಡುತ್ತಿದ್ದೇವೆ:

1. ಮೊದಲು ನಿಂತ ಕಾರನ್ನು ನೋಡಿ. ಟೈರಿನ ಗಾಳಿ, ಉಬ್ಬು, ಬಿರುಕು, ಡಿಒಟಿ ವರ್ಷ, ಒಳಬದಿ ಸಹಿತ. ಹಿಮ ಬಿದ್ದ ಮಾರನೇ ದಿನವಾದರೆ ರಿಮ್ಮಿನೊಳಗೆ ಹಿಮ ಗಟ್ಟಿಯಾಗಿದೆಯಾ ನೋಡಿ. ಅದನ್ನು ಕೆರೆದು ತೆಗೆದರೆ ಎಷ್ಟೋ ಸಲ ನಡುಕ ಅಲ್ಲಿಗೇ ಮುಗಿಯುತ್ತೆ.
2. ನಟ್ಟುಗಳು ಬಿಗಿಯಿವೆಯಾ ನೋಡಿ. ಈಚೆಗೆ ಟೈರ್ ಕೆಲಸ ಮಾಡಿಸಿದ್ದರೆ ಇದು ಖಂಡಿತ.
3. ಟೈರಿನ ಮೇಲೆ ಅಂಗೈ ಆಡಿಸಿ. ಏರಿಳಿತ ಇದ್ದರೆ ಶಾಕ್ ಅಬ್ಸಾರ್ಬರ್ ಸವೆದಿರಬಹುದು. ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ.
4. ಚಕ್ರ ಎತ್ತಿ ಆಟ ನೋಡಿ.
5. ಇಷ್ಟೂ ಸರಿಯಿದ್ದರೆ ಮಾತ್ರ ಓಡಿಸಿ, ಚಿಕ್ಕಪ್ಪನ ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಅಂಗಡಿಗೆ ಹೋದಾಗ "ಕಾರು ನಡುಗುತ್ತೆ" ಅನ್ನೋ ಬದಲು "60ರ ಮೇಲೆ ಕೈಗೆ ಬರುತ್ತೆ, ಬ್ರೇಕ್ ಒತ್ತಿದರೆ ಜಾಸ್ತಿಯಾಗುತ್ತೆ" ಅಂತ ಹೇಳಿ. ಎದುರಿನವರು ನಿಮ್ಮ ಜೊತೆ ಮಾತಾಡೋ ರೀತಿಯೇ ಬೇರೆ ಆಗುತ್ತೆ.
6. ನಡುಕ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಹೈವೇಗೆ ಹೋಗಬೇಡಿ. ಒಂದೇ ಮಟ್ಟದಲ್ಲಿರುವ ನಡುಕಕ್ಕಿಂತ ಬೆಳೆಯುವ ನಡುಕ ಅಪಾಯ.

ಡಿಸೆಂಬರಿನಲ್ಲಿ ಓ'ಹೇರ್‌ಗೆ ಹೋಗಿ ಬಂದೆವು. ವಾಪಸ್ ಬರುವಾಗ ರಾತ್ರಿ, ಹೊರಗೆ ಸೊನ್ನೆಗಿಂತ ಕೆಳಗೆ. ಹಿಂದಿನ ಸೀಟಿನಲ್ಲಿ ಅವಳ ಅಪ್ಪ "ಗಾಡಿ ಭಾಳ ಚಲೋ ಐತಿ, ಹಳೇದು ಅಂತ ಅನ್ಸೂದೇ ಇಲ್ಲ" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದೆವು. ಅಮ್ಮ ಕಾಂಕಕೀ ಬರುವ ಮೊದಲೇ ನಿದ್ದೆ ಹೋಗಿದ್ದರು, ಮಡಿಲಲ್ಲಿ ಪೇಢೆಯ ಡಬ್ಬಿ ಹಾಗೇ ಇತ್ತು.

ನಮ್ಮ ಹತ್ತಿರ ಈಗ ಒಂದು ಟಾರ್ಕ್ ವ್ರೆಂಚ್, ಎರಡು ಜಾಕಿ ಸ್ಟ್ಯಾಂಡ್ ಇವೆ. ಸಂಘದವರು ಯಾರು ಬೇಕಾದರೂ ಕೇಳಿ ತಗೊಂಡು ಹೋಗಬಹುದು. ಪಾರ್ಕಿಂಗಿಗೆ ಬಂದು ಜೊತೆಗೆ ನಿಂತು ನೋಡೋಕೂ ನಾವು ತಯಾರು. ಚಹಾ ಮಾತ್ರ ನಿಮ್ಮ ಕಡೆಯಿಂದ. ಇವತ್ತು ಈ ಪುಸ್ತಿಕೆ ಓದಿ ಮುಗಿಸಿದ ಮೇಲೆ ಒಮ್ಮೆ ಕೆಳಗೆ ಹೋಗಿ ನಿಮ್ಮ ಕಾರಿನ ಟೈರಿನ ಆ ನಾಲ್ಕು ಅಂಕಿ ಓದಿಕೊಂಡು ಬನ್ನಿ.